ಹತ್ತೊಂಬತ್ತನೇ ತೂತು

ಸೂಜಿ ಹತ್ತೊಂಬತ್ತನೇ ತೂತಿನೊಳಗೆ ಸಲೀಸಾಗಿ ಹೊಕ್ಕಿತು. ಸಾಂತಪ್ಪ ಕಾರ್ಡುಗಳ ಕಟ್ಟನ್ನು ಸೂಜಿಯ ಸಮೇತ ಎತ್ತಿ ಮೆಲ್ಲಗೆ ಒದರಿದ. ಎರಡು ಕಾರ್ಡುಗಳು ಮೇಜಿನ ಮೇಲೆ ಬಿದ್ದವು. ಉಳಿದವು ಬಾವಲಿಗಳ ಹಾಗೆ ಸೂಜಿಗೆ ಜೋತುಕೊಂಡೇ ಇದ್ದವು.

ಬಿದ್ದವನ್ನು ಮಗುಚಿ ನೋಡಿದ. ಒಂದು ಮುದ್ದಿಯದು, ಇನ್ನೊಂದು ಮಾರನದು.

ಅಂಚಿನ ಸುತ್ತ ತೂತುಗಳಿದ್ದ ಈ ಕಾರ್ಡುಗಳು, ಟಿಕೆಟು ಕತ್ತರಿಸುವಂಥ ಒಂದು ಇಕ್ಕಳ, ಒಂದು ಉದ್ದನೆಯ ಸೂಜಿ, ಇಷ್ಟನ್ನೂ ಕಂಪನಿಯವರು ಪೆಟ್ಟಿಗೆಯಲ್ಲಿಟ್ಟು ಮದ್ರಾಸಿನಿಂದ ಕಳಿಸಿದ್ದರು. ಆಳಿನಿಂದ ಲೆಕ್ಕ ಬರೆಯುವ ರೈಟರವರೆಗೆ ತಲೆಗೊಂದು ಕಾರ್ಡು, ತೂತಿಗೊಂದು ಮಾತು. ಯಾರ ಅರ್ಜಿಯಲ್ಲಿ ಆ ಮಾತು ಬಂದಿದೆಯೋ ಅವರ ಕಾರ್ಡಿನ ಆ ತೂತನ್ನು ಅಂಚಿನವರೆಗೆ ಕತ್ತರಿಸಿಬಿಡಬೇಕು. ಆಮೇಲೆ ಸೂಜಿ ಹಾಕಿ ಎತ್ತಿದರೆ ಸಾಕು, ಕತ್ತರಿಸಿದ ಕಾರ್ಡು ಹಿಡಿತ ತಪ್ಪಿ ಬೀಳುತ್ತದೆ. ಕಡತ ಬಿಚ್ಚಿ ಧೂಳು ಕುಡಿಯುವ ಕೆಲಸವಿಲ್ಲ. ಮೂರ್ನಾಡಿನಾಚೆಯ ಆ ಎಸ್ಟೇಟಿನಲ್ಲಿ ಕಳೆದ ಮಳೆಗಾಲವೆಲ್ಲ ಸಾಂತಪ್ಪನಿಗೆ ಅದೇ ಆಟ. ಕಂಪನಿಯ ಸೂಜಿ ಬಂದ ವಾರದಲ್ಲೇ ಕಳೆದುಹೋಗಿತ್ತು. ಈಗ ಕೈಯಲ್ಲಿದ್ದದ್ದು ಹೆಂಡತಿ ಪ್ರೇಮಾವತಿಯ ಸ್ವೆಟರ್ ಹೆಣೆಯುವ ಕಡ್ಡಿ.

"ನನ್ನ ಸೂಜಿಲಿ ಯಾರ್ನ ಚುಚ್ಚಿಕೆ ಹೊರ್ಟದ್ ನೀವು?" ಎಂದು ಅವಳು ಬೆಳಿಗ್ಗೆ ಕೇಳಿದ್ದಳು. "ಒಂದ್ ಕೈ ಹೆಣ್ದದ್ ಹಂಗೇ ಬಾಕಿ ಉಟ್ಟು."

"ಸಂಜೆ ತಂದ್ ಕೊಡ್ನೆ," ಅಂದಿದ್ದ.

ಸಂಜೆಗೆ ಪೊಲೀಸ್ ಇನ್ಸ್‌ಪೆಕ್ಟರ್ ಬರುವವರಿದ್ದರು. ಮೊನ್ನೆ ಕಾಫಿ ಸ್ಟೋರಿನ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು. "ಹೊಟ್ಟೆಯ ಕಿಚ್ಚು ಆರಿಸುವ ಮಳೆ ಇನ್ನೂ ಹುಟ್ಟಿಲ್ಲ. ಪೂವಯ್ಯ, ನಿನ್ನ ಸ್ಟೋರಿಗೆ ಬೆಂಕಿ ಬೀಳುತ್ತದೆ." ಮ್ಯಾನೇಜರ್ ಪೂವಯ್ಯ ಅದನ್ನು ಓದಿ ನಕ್ಕಿದ್ದರು. ಕೊಡಗು ಮೈಸೂರಿಗೆ ಸೇರಿ ನಾಲ್ಕು ವರ್ಷವಾಗಿದ್ದರೂ ಅವರ ನಗು ಇನ್ನೂ ಬಿಳಿ ದೊರೆಗಳ ಕಾಲದ್ದೇ. "ಬೆಂಕಿ ಮಾತು ಯಾರು ಬೇಕಾದ್ರೂ ಆಡ್ತಾರೆ. ಆ ಮಳೆ ಮಾತಿದೆಯಲ್ಲ, ಅದು ಒಬ್ಬನದ್ದೇ. ಅರ್ಜಿಗಳಲ್ಲಿ ಹುಡುಕಿ ರೈಟ್ರೆ. ನಿಮ್ಮ ಸೂಜಿ ಹೇಳ್ಲಿ."

ಹತ್ತೊಂಬತ್ತನೇ ತೂತು ಆ ಮಳೆಯ ಮಾತಿನದೇ. ಸೂಜಿ ಹೇಳಿತ್ತು. ಸುಳ್ಳು ಹೇಳಿತ್ತು ಎನ್ನುವಂತೆಯೂ ಇರಲಿಲ್ಲ.

ಮುದ್ದಿಯ ಕೂಸು ಜ್ವರದಲ್ಲಿ ನರಳುತ್ತಿದ್ದಾಗ ಮಡಿಕೇರಿಗೆ ಒಯ್ಯಲು ಎಸ್ಟೇಟಿನ ಲಾರಿ ಸಿಕ್ಕಿರಲಿಲ್ಲ. ಕೂಸು ಹೋಯಿತು. ಅರ್ಜಿ ಬರೆಸಲು ಬಂದವಳಿಗೆ ಮಾತೇ ಹೊರಡಲಿಲ್ಲ. "ಹೊಟ್ಟೆ ಉರೀತದೆ ಸಾಮಿ" ಅಂದಳು, ಅಷ್ಟೇ. ಉಳಿದದ್ದನ್ನು ಸಾಂತಪ್ಪನೇ ಹೆಣೆದ. ಮಳೆಯ ಮಾತು ಬರೆದ ಮೇಲೆ ಅವನಿಗೇ ಮೈ ಜುಮ್ಮೆಂದಿತ್ತು. ಮಾರನ ಮಾಡು ಸೋರುವ ಅರ್ಜಿಗೂ ಅದನ್ನೇ ಹೊದಿಸಿದ. ಕೂಲಿ ಲೈನಿನವರ ಅರ್ಜಿಗಳೆಲ್ಲ ಅವನ ಕೈಯಿಂದಲೇ ಆಗಬೇಕು. ಭಾನುವಾರ ಅವರ ಸಾಲುಮನೆಗಳ ಪಾಡಿಯ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿ, ಹೆಬ್ಬೆಟ್ಟು ಒತ್ತಿಸಬೇಕು. ಓದುವಾಗ ಮುದ್ದಿಯಾಗುತ್ತಿದ್ದ, ಮಾರನಾಗುತ್ತಿದ್ದ, ಕೊನೆಗೆ ಕೆಮ್ಮಿ, "ವಾಟ್ ನಾನ್ಸೆನ್ಸ್!" ಎಂದು ಪೂವಯ್ಯನೂ ಆಗುತ್ತಿದ್ದ. ಜನ ನಕ್ಕು ನಕ್ಕು ಸಾಯುತ್ತಿದ್ದರು. ಮಳೆಯ ಮಾತು ಆಗಲೇ ಎಲ್ಲರ ಬಾಯಿಗೂ ಹತ್ತಿತ್ತು. ಸಾರಿಗೆ ಖಾರ ಹೆಚ್ಚಾದರೂ ಲೈನಿನ ಹೆಂಗಸರು ಅದನ್ನೇ ಹೇಳುತ್ತಿದ್ದರು.

ಬಾಗಿಲಲ್ಲಿ ನೆರಳಾಯಿತು. ಕಾಫಿ ಹಣ್ಣಿನ ಚೀಲ ಹೊತ್ತ ಮಾರ. ಸಾಂತಪ್ಪ ಕಾರ್ಡುಗಳ ಮೇಲೆ ಅಂಗೈ ಇಟ್ಟ.

"ಸೂಜಿ ಹಾಕಿ ಹೆಸರು ತೆಗೀತೀರಂತಲ್ಲ ರೈಟ್ರೆ?"

"ಯಾರಯ್ಯ ಹೇಳಿದ್ದು?"

"ಎಲ್ಲಾ ಹೇಳ್ತಾರೆ. ನಂದು ಬರಲ್ಲ, ಬಿಡಿ. ನಂಗೆ ಅಕ್ಸರಾನೇ ಬರಲ್ಲ, ಮತ್ತೆ ಹೆಸರು ಹೆಂಗೆ ಬಂದೀತು?" ಮಾರ ಹಲ್ಲು ಬಿಟ್ಟ. ಆಮೇಲೆ ದನಿ ತಗ್ಗಿಸಿದ. "ಹೋದ ಸಲ ಪೊಲೀಸ್ರು ಚಿನ್ನನ್ನ ಜೀಪಲ್ಲಿ ಕರ್ಕೊಂಡು ಹೋದ್ರಲ್ಲ. ಈಗ ಅವ ಎಡಗೈಲೇ ಹಣ್ಣು ಕುಯ್ಯೋದು."

ಅವನು ಹೋದ ಮೇಲೆ ಸಾಂತಪ್ಪ ಬಂಗಲೆಗೆ ನಡೆದ. ಪೂವಯ್ಯ ವರಾಂಡದಲ್ಲಿ ಕೋವಿಯ ನಳಿಗೆ ಒರೆಸುತ್ತಿದ್ದರು.

"ಸಾರ್, ಒಂದು ಮಾತು. ಲೈನಿನವರ ಅರ್ಜಿಯೆಲ್ಲ ಬರೆದುಕೊಡೋದು ನಾನೇ. ಅದರೊಳಗಿನ ಮಾತು..."

"ನಿಮ್ಮದೋ?" ಪೂವಯ್ಯ ನಳಿಗೆಗೆ ಕಣ್ಣಿಟ್ಟು, ಅದರ ತೂತಿನಿಂದ ಅವನನ್ನೇ ನೋಡಿದರು. "ಹಾಗಾದ್ರೆ ಸಂಜೆ ನಿಮ್ಮ ಕಾರ್ಡೇ ಬೀಳ್ಬೇಕಲ್ಲ ರೈಟ್ರೆ!"

ಅವರು ನಕ್ಕರು. ಸಾಂತಪ್ಪನೂ ನಕ್ಕ. ಎಷ್ಟು ಚೆನ್ನಾಗಿ ನಕ್ಕನೆಂದರೆ ಅದು ಪೂವಯ್ಯನ ನಗುವೇ ಆಗಿತ್ತು. ಹೇಳಬೇಕೆಂದು ಬಂದದ್ದು ಆ ನಗುವಿನ ಅಡಿಯಲ್ಲೇ ಉಳಿಯಿತು.

ಆಫೀಸಿಗೆ ಮರಳಿ ಚಿಲಕ ಹಾಕಿಕೊಂಡ. ಮುದ್ದಿಯ ಕಾರ್ಡು, ಮಾರನ ಕಾರ್ಡು ಹರಿದುಬಿಡಲೇ? ಇಲ್ಲದ ಕಾರ್ಡನ್ನೇ ಪೂವಯ್ಯ ಮೊದಲು ಕೇಳುತ್ತಾರೆ. ಕತ್ತರಿಸಿದ ತೂತಿಗೆ ಕಾಗದ ಅಂಟಿಸಲೇ? ಬೆರಳಿಗೆ ಸಿಕ್ಕಿಬೀಳುತ್ತದೆ. ಆಗ ಹೊಳೆಯಿತು: ಎಲ್ಲರೂ ಬಿದ್ದರೆ ಯಾರೂ ಬಿದ್ದಂತಲ್ಲ. ಮಾತು ಊರಿಗೆಲ್ಲ ಸೇರಿದ್ದು ಎಂದು ಅವರಿಗೇ ಗೊತ್ತಾಗುತ್ತದೆ. ಸುಳ್ಳೂ ಅಲ್ಲ.

ಇಕ್ಕಳ ಎತ್ತಿಕೊಂಡ. ಮೇಲಿನ ಲೈನು, ಕೆಳಗಿನ ಲೈನು, ಹೊಳೆಬದಿಯ ಲೈನು ಎಂದು ಮನೆಮನೆಯನ್ನು ನೆನೆದುಕೊಂಡು ಒಂದೊಂದೇ ಕಾರ್ಡಿನ ಹತ್ತೊಂಬತ್ತನೇ ತೂತು ಕತ್ತರಿಸಿದ. ದೊಡ್ಡಿ, ಪಾಪ, ಚಿನ್ನಿ, ಎಡಗೈ ಚಿನ್ನ. ಒಬ್ಬರನ್ನೂ ಬಿಡಲಿಲ್ಲ. ಅವಲಕ್ಕಿಯಂತೆ ಉದುರಿದ ಚೂರುಗಳನ್ನು ಗುಡಿಸಿ ಜೇಬಿಗೆ ಹಾಕಿಕೊಂಡ. ಹೊರಗೆ ಬಂದಾಗ ಹಣ್ಣು ಅಳೆಯುವ ಗದ್ದಲ. ಮುದ್ದಿ ಬುಟ್ಟಿ ಇಳಿಸುತ್ತಿದ್ದಳು. ಅವಳನ್ನು ನೋಡಿ ಅವನಿಗೆ ಬಹಳ ದಿನಗಳ ಮೇಲೆ ಹಗುರವೆನಿಸಿತು.

ಸಂಜೆಬಿಸಿಲು ಸಿಲ್ವರ್ ಓಕ್ ಮರಗಳ ತುದಿಗೆ ಏರಿದಾಗ ಜೀಪು ಬಂತು. ಲೈನುಗಳಲ್ಲಿ ಕೋಳಿಗಳ ಸದ್ದೂ ಇರಲಿಲ್ಲ. ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡರು. ಇಬ್ಬರು ಪೇದೆಗಳು ಬಾಗಿಲಲ್ಲಿ ನಿಂತರು.

"ಕೊಡಿ ಇತ್ತ, ನಾನೇ ಹಾಕ್ತೇನೆ," ಎಂದು ಪೂವಯ್ಯ ಪೆಟ್ಟಿಗೆಯನ್ನು ಎಳೆದುಕೊಂಡರು. ತಳದವರೆಗೂ ಕೈ ಹಾಕಿ ಇದ್ದಬದ್ದ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ, ಅಂಚು ಕುಟ್ಟಿ ಸರಿಮಾಡಿ, ಸೂಜಿ ತೂರಿಸಿ ಎತ್ತಿದರು.

ಕಾರ್ಡುಗಳು ಒಟ್ಟಿಗೇ ಸುರಿದವು. ಮೇಜಿನ ಮೇಲೆ ಬಿದ್ದು, ಅಲ್ಲಿಂದ ಜಾರಿ ನೆಲಕ್ಕೆ, ಇನ್ಸ್‌ಪೆಕ್ಟರರ ಬೂಟಿನ ಸುತ್ತ ಹರಡಿದವು. ಸಾಂತಪ್ಪ ಸಿದ್ಧಮಾಡಿಟ್ಟುಕೊಂಡಿದ್ದ ಮಾತಿಗೆ ಬಾಯಿ ತೆರೆದ. "ನೋಡಿ ಸಾರ್, ಇದು ಎಲ್ಲರ..."

ಪೂವಯ್ಯ ನೆಲ ನೋಡುತ್ತಿರಲಿಲ್ಲ. ಇನ್ಸ್‌ಪೆಕ್ಟರರೂ ನೋಡುತ್ತಿರಲಿಲ್ಲ. ಅವರು ಕುರ್ಚಿಯಿಂದ ಎದ್ದು ಟೋಪಿ ಹಾಕಿಕೊಂಡರು.

ಕಡ್ಡಿಯ ಬುಡದಲ್ಲಿ ನೀಲಿ ಉಲ್ಲನ್ನಿನ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು. ಅದರ ಪಕ್ಕದಲ್ಲಿ, ‘ಸಾಂತಪ್ಪ, ರೈಟರ್’ ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದ ಒಂದೇ ಒಂದು ಕಾರ್ಡು, ಎಲ್ಲೂ ಇಕ್ಕಳ ತಾಗದೆ, ಅತ್ತ ಇತ್ತ ತೂಗುತ್ತಿತ್ತು.