ಮರಿ ಕಾಯುವ ಕೊರಮೀನು

ಬಸುರಿಯ ಗಂಡ ಜೀವ ತೆಗೆಯಬಾರದು. ನಮ್ಮ ಕೃಷ್ಣಾ ತೀರದ ಅಂಬಿಗರ ಮನೆಗಳಲ್ಲಿ ಇದು ಹಿಂದಿನಿಂದ ನಡೆದುಬಂದ ಮಾತು. ನನ್ನ ಮಗ ಸಾಯಬಣ್ಣ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಮುಂಬಯಿಯ ಜೋಗೇಶ್ವರಿಯ ನಮ್ಮ ಚಾಳಿನ ಖೋಲಿಯಲ್ಲಿ ತಿಗಣೆ ಕಚ್ಚಿದರೂ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಹೊರಗೆ ಬಿಟ್ಟು ಬರುತ್ತಿದ್ದ. ಅದು ಇವನಿಗಿಂತ ಮೊದಲೇ ಒಳಗೆ ಬಂದಿರುತ್ತಿತ್ತು. "ಯವ್ವಾ, ನೀನರ ಒರಸು ಇದನ್ನ" ಎಂದು ನನ್ನನ್ನು ಕರೆಯುತ್ತಿದ್ದ. ಮನೆಯ ತಿಗಣೆ, ಸೊಳ್ಳೆ, ಇಲಿ ಎಲ್ಲದರ ಪಾಪವೂ ಈ ಹಾಲವ್ವನ ತಲೆಗೇ ಬಿತ್ತು. ಬೀಳಲಿ, ನನಗೇನು!

ನನ್ನ ಚಿಂತೆ ಬೇರೆಯೇ ಇತ್ತು. ಸೊಸೆ ಇಂದ್ರಾಬಾಯಿಗೆ ಮೊದಲಿನ ಎರಡೂ ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯದಕ್ಕೆ ಆರು ತಿಂಗಳು ತುಂಬುವ ಹೊತ್ತಿಗೆ ಹುಡುಗಿ ಊಟ ಬಿಟ್ಟಳು. ಎರಡು ತುತ್ತು ತಿಂದರೆ ಹೆಚ್ಚು, ಅದೂ ವಾಂತಿ. ಕೈಯ ಬಳೆ ಮೊಣಕೈಗೆ ಜಾರುತ್ತಿದ್ದವು. ಹೀಗೇ ಉಪವಾಸ ಕೂತರೆ ಇದೂ ದಕ್ಕುವುದಿಲ್ಲ ಎಂದು ದವಾಖಾನೆಯ ಡಾಕ್ಟರಬಾಯಿ ನನಗೇ ಬೈದು ಕಳಿಸಿದ್ದಳು. ನಾನು ಉಣ್ಣಬೇಡವೆಂದು ಹೇಳಿದ್ದೆನೇ? ಏನು ಬೇಕು, ಏನು ಬೇಕು ಎಂದು ಕೇಳಿ ಕೇಳಿ ನನ್ನ ನಾಲಿಗೆ ಸವೆದಿತ್ತು. ಕಡೆಗೊಂದು ದಿನ ಗೋಡೆಯ ಕಡೆ ಮುಖ ಮಾಡಿಕೊಂಡು, "ಕೊರಮೀನಿನ ಸಾರು" ಎಂದಳು.

ಮುಂಬಯಿಯಲ್ಲಿ ಮೀನಿಗೆ ಬರವೇ? ಆದರೆ ಇಲ್ಲಿಯದು ಸಮುದ್ರದ ಮೀನು. ಬೊಂಬಿಲ್ ಮೀನಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಇಂದ್ರಾ ಸೆರಗು ಮುಚ್ಚಿಕೊಂಡು ಮೋರಿಗೆ ಓಡುತ್ತಿದ್ದಳು. ಕೊರಮೀನು ಸಿಹಿನೀರಿನದು. ಕಪ್ಪು ಮೈ, ಹಾವಿನಂಥ ತಲೆ, ಬುಟ್ಟಿಯಲ್ಲಿ ಹಾಕಿಟ್ಟರೂ ಬಹಳ ಹೊತ್ತು ಸಾಯದ ಗಟ್ಟಿ ಜೀವ. ಸೊರಗಿದವರಿಗೆ ಅದರ ಸಾರು ಕುಡಿಸಿದರೆ ಎದ್ದು ಕೂಡುತ್ತಾರೆಂದು ನಮ್ಮ ಕಡೆ ನಂಬಿಕೆ. ನಮ್ಮ ಪುಣ್ಯಕ್ಕೆ ಚಾಳಿನ ಹಿಂದೆ ಹಳೆಯ ಕಲ್ಲಿನ ಖಾಣಿ ಇತ್ತು. ಕಲ್ಲು ಒಡೆಯುವುದು ನಿಂತು ನೀರು ತುಂಬಿ ಕೆರೆಯೇ ಆಗಿತ್ತು. ಅದರಲ್ಲಿ ಮೊಳಕೈ ಉದ್ದದ ಒಂದು ಕೊರಮೀನು ಇದೆ, ಯಾರ ಗಾಳಕ್ಕೂ ಬಿದ್ದಿಲ್ಲ ಎಂದು ಖಾಣಿಯ ವಾಚ್‌ಮನ್ ಶೆಟ್ಟೆಪ್ಪ ಹೇಳುತ್ತಿದ್ದ.

ಮಗ ಗಾಳ ಮುಟ್ಟುವಂತಿಲ್ಲ. ಗಾಳಕ್ಕೆ ಎರೆಹುಳ ಸಿಗಿಸುವಂತೆಯೂ ಇಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಉಳಿದವಳು ನಾನು. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹೊಳೆಯ ವಿದ್ಯೆಯನ್ನೆಲ್ಲ ನನಗೇ ಕಲಿಸಿದ್ದ. ಬಿದಿರಿನ ಗಳ ತಂದೆ, ದಾರ ಕಟ್ಟಿದೆ. ನಾಲ್ಕು ಮನೆಯ ಭಾಂಡೆ ತಿಕ್ಕಿ ಬಂದು ಮಧ್ಯಾಹ್ನ ಖಾಣಿಯ ದಂಡೆಗೆ ಹೋಗಿ ಕೂಡತೊಡಗಿದೆ.

ಅದು ರೈಲು ಮುಷ್ಕರವಾದ ವರ್ಷದ ಬೇಸಿಗೆ. ಲೋಕಲ್ ನೆಟ್ಟಗೆ ಓಡುತ್ತಿರಲಿಲ್ಲ. ಭಾಯಖಳದ ವರ್ಕ್‌ಶಾಪಿಗೆ ಹೋಗಲಾಗದೆ ಸಾಯಬಣ್ಣ ಮನೆಯಲ್ಲೇ ಕೂತು ತಿಗಣೆ ಸಾಕುತ್ತಿದ್ದ. ಬಿಸಿಲಿಗೆ ಖಾಣಿಯ ನೀರು ಇಳಿದು ತಿಳಿಯಾಗಿತ್ತು. ನೀರು ತಿಳಿಯಾದರೆ ನಮಗೆ ಮೀನು ಕಾಣುತ್ತದೆ ನಿಜ, ಮೀನಿಗೆ ನಾವೂ ಕಾಣುತ್ತೇವೆ. ಹಾಗಾಗಿ ನೆರಳು ನೀರಿಗೆ ಬೀಳದ ಹಾಗೆ ಬಂಡೆಯ ಮರೆಯಲ್ಲಿ ಕೂಡಬೇಕು. ಕೆಮ್ಮಬಾರದು. ಕಾಲು ಎಳೆದರೆ ಸಾಕು, ಕಲ್ಲಿನ ಸದ್ದು ಅದಕ್ಕೆ ಗೊತ್ತಾಗುತ್ತದೆ.

ಕೊರಮೀನು ಉಸಿರಿಗೆ ಮೇಲೆ ಬರಲೇಬೇಕು. ಗುಳುಂ ಎಂದು ಒಂದು ಗುಕ್ಕು ಗಾಳಿ ನುಂಗಿ ಇಳಿಯುತ್ತದೆ. ಅಲ್ಲಿಗೆ ನಾನು ಕಪ್ಪೆಮರಿ ಸಿಗಿಸಿದ ಗಾಳ ಬಿಡುತ್ತಿದ್ದೆ. ಅದು ಬರುತ್ತಿತ್ತು, ಕಪ್ಪೆಯ ಮುಂದೆ ನಿಲ್ಲುತ್ತಿತ್ತು, ನೋಡುತ್ತಿತ್ತು. ಕನ್ಯೆ ನೋಡಲು ಬಂದು, ಕೊಟ್ಟ ಅವಲಕ್ಕಿಯನ್ನೂ ಮುಟ್ಟದೆ "ಊರಿಗೆ ಹೋಗಿ ತಿಳಸತೀವಿ" ಎನ್ನುವ ಬೀಗರ ಹಾಗೆ ತಿರುಗಿ ಹೋಗುತ್ತಿತ್ತು. "ಹಾಟ್ಯಾನ ಮೀನಽ, ನಿನ್ನ ಸೊಕ್ಕು ಮುರೀತೀನಿ ತಡಿ" ಎಂದು ಹಲ್ಲು ಕಡಿಯುತ್ತಿದ್ದೆ. ಮುಖ ಸುಟ್ಟು ಕರಕಲಾಯಿತು. ದಿನಾ ಸಂಜೆ ಬರಿಗೈಲಿ ಮನೆಗೆ ಬಂದಾಗ ಇಂದ್ರಾ ನನ್ನ ಕೈ ನೋಡಿ ಕಣ್ಣು ತಗ್ಗಿಸುತ್ತಿದ್ದಳು. ಪಾಪ, ನಿರಾಸೆಯಾಗುತ್ತದೆ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಶೆಟ್ಟೆಪ್ಪ ಬೀಡಿ ಹಚ್ಚಿಕೊಂಡು ಬಂದ. "ಹಾಲವ್ವಾ, ಇನ್ನ ಬಿಸಲಾಗ ಸಾಯಬ್ಯಾಡ. ಆ ಮೂಲ್ಯಾಗ ನೋಡು, ಮರಿ ಎಬ್ಬಿಸೇತಿ."

ನೋಡಿದೆ. ಮೂಲೆಯ ನೀರಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಮರಿಗಳ ಹಿಂಡು ಕುದಿಯುತ್ತಿತ್ತು. ಅದರ ಅಡಿಯಲ್ಲಿ ಆ ಕಪ್ಪು ಮೈ ಕದಲದೆ ನಿಂತಿತ್ತು.

"ಮರಿ ನಡಬರಕ ಗಾಳ ಒಗಿ" ಎಂದ ಶೆಟ್ಟೆಪ್ಪ. "ಹಸಿವಿಗೆ ಹಿಡಿಯೂದಿಲ್ಲ, ಸಿಟ್ಟಿಗೆ ಹಿಡಿತೈತಿ. ಕಣ್ಣ ಮುಚ್ಚಿ ತರಬಹುದು."

ಅದೇನು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಗಾಳ ಹಿಂದಕ್ಕೆ ಎಳೆದುಕೊಂಡೆ. ಮರಿ ಕಾಯುವ ಕೊರಮೀನಿಗೆ ಗಾಳ ಹಾಕಿದವರ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎನ್ನುತ್ತಿದ್ದ ನಮ್ಮಪ್ಪ. ಆ ದಿನಗಳಲ್ಲಿ ನಮ್ಮವರು ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಗಳ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಮರುದಿನ ಇಂದ್ರಾ ನಲ್ಲಿಯ ಹತ್ತಿರ ಕೊಡ ಎತ್ತಲು ಹೋಗಿ ಅಲ್ಲೇ ಕುಸಿದು ಕೂತಳು. ಎತ್ತಿ ಒಳಗೆ ತಂದೆ. ಏನು ಹಗುರವಾಗಿದ್ದಳು! ಏಳು ತಿಂಗಳ ಬಸುರಿ, ಒಣ ಕಟ್ಟಿಗೆಯ ಹೊರೆಯಷ್ಟೂ ಭಾರವಿಲ್ಲ. ನನಗೆ ಅಪ್ಪನ ಮೇಲೆ, ದೇವರ ಮೇಲೆ, ಆ ಮೀನಿನ ಮೇಲೆ ಸಿಟ್ಟು ಬಂತು. ಪಾಪ ಬಂದರೆ ನನಗೆ ಬರಲಿ, ನನ್ನ ತೊಟ್ಟಿಲು ಎಂದೋ ತೂಗಿ ಆಗಿದೆ ಎಂದು ಗಳ ಹಿಡಿದು ಹೊರಟೆ.

ಶೆಟ್ಟೆಪ್ಪ ಹೇಳಿದಂತೆಯೇ ಆಯಿತು. ಗಾಳದ ಕಪ್ಪೆ ಮೀನಿನ ಮರಿಗಳ ನಡುವೆ ಬಿದ್ದದ್ದೇ ತಡ, ಇಷ್ಟು ದಿನ ಅಳೆದು ಸುರಿದು ನೋಡುತ್ತಿದ್ದ ಮೀನು ಹಿಂದುಮುಂದು ನೋಡದೆ ಎಗರಿ ಬಂದು ಕಚ್ಚಿತು. ಗಳ ಬಿಲ್ಲಾಗಿ ಬಾಗಿತು. ಎಳೆದು ದಂಡೆಗೆ ಹಾಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

"ಅತ್ತೀ!"

ತಿರುಗಿ ನೋಡಿದರೆ ಇಂದ್ರಾ. ಹೊಟ್ಟೆ ಹಿಡಿದುಕೊಂಡು, ಗೋಡೆ ಬಂಡೆಗಳನ್ನು ಆತುಕೊಂಡು ಬಂದಿದ್ದಳು. ಮರಿಗಳ ಸುದ್ದಿಯನ್ನು ಶೆಟ್ಟೆಪ್ಪ ಚಾಳಿಗೆಲ್ಲ ಸಾರಿದ್ದ. ನಾನು ಗಳ ಹಿಡಿದು ಹೊರಟದ್ದನ್ನು ಅವಳು ಕಂಡಿದ್ದಳು.

"ಬಿಡ್ರಿ ಅದನ್ನ."

"ಬಿಡಾಕ ಹಿಡದೀನೇನ? ನಡಿ ಮನಿಗೆ."

"ಅಲ್ಲಿ ನೋಡ್ರಿ ಅತ್ತಿ, ಮರಿ..."

ಕೆಂಪು ಹಿಂಡು ಚದುರಿತ್ತು. ಸುತ್ತಲಿನ ಚಿಲಾಪಿ ಮೀನುಗಳು ನುಗ್ಗಿ ನುಗ್ಗಿ ಮರಿಗಳನ್ನು ಹೆಕ್ಕುತ್ತಿದ್ದವು. ನೋಡಲಾಗಲಿಲ್ಲ ನನಗೆ. ಆದರೂ, "ನನಗ ಮೀನಿನ ಮರಿ ಬ್ಯಾಡ, ನನ್ನ ಮಗನ ಕೂಸು ಬೇಕು" ಎಂದೆ.

ಇಂದ್ರಾ ಅಲ್ಲೇ ಕಲ್ಲಿನ ಮೇಲೆ ಕೂತಳು. "ನನಗ ಯಾವ ಬಯಕಿನೂ ಇರಲಿಲ್ರಿ. ಉಣ್ಣು ಉಣ್ಣು ಅಂತ ಬೆನ್ನ ಹತ್ತಿದ್ರಿ. ಈ ಊರಾಗ ಸಿಗಲಾರದ್ದು ಕೇಳಿದ್ರ ಸುಮ್ಮನಾಗತೀರಿ ಅಂತ ಕೇಳಿದೆ."

"ಏನಂದಿ?"

"ಹೋದ ಎರಡೂ ಸಲ ನೀವು ಹೇಳಿದ್ದೆಲ್ಲಾ ಉಂಡಿದ್ದೆ. ಉಂಡು ಉಂಡು ಆಸೆ ಬೆಳಸಿಕೊಂಡೆ. ಆಮ್ಯಾಲ ಏನ ಉಳೀತು? ಈ ಸಲ ಆಸೆ ಇಟ್ಕೊಳ್ಳಾಕ ನನ್ನ ಕಡಿಂದ ಆಗೂದಿಲ್ರಿ ಅತ್ತಿ." ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಇಡೀ ಬೇಸಿಗೆ ಒಂದು ಸುಳ್ಳಿಗಾಗಿ ಸುಟ್ಟುಕೊಂಡೆನಲ್ಲ! ಕೆನ್ನೆಗೆ ಬಾರಿಸಬೇಕೆನ್ನಿಸಿತು. ಎದೆಗೆ ಒತ್ತಿಕೊಳ್ಳಬೇಕೆಂದೂ ಅನ್ನಿಸಿತು. ಎರಡಕ್ಕೂ ಕೈ ಖಾಲಿ ಇರಲಿಲ್ಲ, ಕೈಯಲ್ಲಿ ಮೀನು ಒದ್ದಾಡುತ್ತಿತ್ತು.

"ಇದನ್ನ ಬಿಟ್ಟರ ಉಣತೀಯೇನ?" ಎಂದೆ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಾಯಿ ಬಿಡು ಇಂದ್ರಾ. ನಾ ಹಾಕಿದ್ದು ದಿನಾ ಉಣತೀನಿ ಅನ್ನು, ನೀರಿಗೆ ಬಿಡತೀನಿ. ಇಲ್ಲಂದ್ರ ಈಗಿಂದೀಗ ಈ ಕಲ್ಲಿಗೆ ಬಡೀತೀನಿ. ನಾ ಆಡಿದ್ದು ಮಾಡಾಕಿ, ನಿನಗ ಗೊತ್ತದ."

ಗೊತ್ತಿತ್ತು ಅವಳಿಗೆ. ನೀರಿನ ಕಡೆ ನೋಡಿದಳು, ನನ್ನ ಕೈ ನೋಡಿದಳು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಉಣತೀನ್ರಿ. ಉಣತೀನಿ, ಬಿಡ್ರಿ ಅದನ್ನ, ಲಗೂನ ಬಿಡ್ರಿ!" ಎಂದು ಕೂಗಿದಳು.

ಗಾಳ ಬಿಡಿಸಿ ನೀರಿಗಿಟ್ಟೆ. ಒಂದು ಗಳಿಗೆ ಹಾಗೇ ಹೊರಳಿಕೊಂಡಿತ್ತು. ಆಮೇಲೆ ಬಾಲ ಬೀಸಿ ಹೋಗಿ ಚಿಲಾಪಿಗಳ ನಡುವೆ ಹೊಕ್ಕು ಅವನ್ನು ಚೆಲ್ಲಾಪಿಲ್ಲಿ ಮಾಡಿತು. ಉಳಿದ ಮರಿಗಳು ಮೆಲ್ಲಗೆ ಅದರ ತಲೆಯ ಮೇಲೆ ಕೂಡಿದವು. ನಾವಿಬ್ಬರೂ ನೋಡುತ್ತ ನಿಂತೆವು, ಇಬ್ಬರಿಗೂ ಅಳು ಬಂದಿತ್ತು.

ಮನೆಗೆ ಬಂದು ಬಿಸಿ ರೊಟ್ಟಿ ಬಡಿದು ಬ್ಯಾಳಿಯ ಜೊತೆ ಹಾಕಿದೆ. ಮೂಗು ಒರೆಸಿಕೊಳ್ಳುತ್ತ ಒಂದೊಂದೇ ತುತ್ತು ಅಗಿದಳು. ರೊಟ್ಟಿ ಮುಗಿಯುವಷ್ಟರಲ್ಲಿ ಮೋರಿಗೆ ಓಡಿ ಎಲ್ಲವನ್ನೂ ಕಾರಿಕೊಂಡಳು. ಆಯಿತು, ಮತ್ತದೇ ಹಾಡು ಎಂದು ನಾನು ತಾಟು ತೆಗೆಯಲು ಬಗ್ಗಿದೆ.

ಇಂದ್ರಾ ಬಾಯಿ ಮುಕ್ಕಳಿಸಿ ಬಂದು, ಬೆವರು ಒರೆಸಿಕೊಂಡು ತಿರುಗಿ ತಾಟಿನ ಮುಂದೆಯೇ ಕೂತಳು.

"ಯಾಕ ತಗೀತೀರಿ? ಇನ್ನೊಂದು ಹಾಕ್ರಿ" ಎಂದಳು.