ಒತ್ತುವರಿಯಾದ ಹೊಟ್ಟೆ

ನಮ್ಮ ಅತ್ತೆ ಗಂಗಲಕ್ಷ್ಮಮ್ಮನವರಿಗೆ ಮಾತ್ರೆ ಬಿಸಾಡುವುದೆಂದರೆ ಅನ್ನ ಬಿಸಾಡಿದಷ್ಟೇ ಪಾಪ. ಜ್ವರ ಇಳಿದ ಕೂಡಲೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಅಡುಗೆಮನೆಯ ಡಬ್ಬಿಗೆ ಸೇರಿಸುತ್ತಾರೆ. ಹೊಸ ತಿಪ್ಪಸಂದ್ರದ ನಮ್ಮ ವಠಾರದಲ್ಲಿ ಯಾರಿಗೆ ಏನೇ ಆಗಲಿ, ಮೊದಲ ಚಿಕಿತ್ಸೆ ಆ ಡಬ್ಬಿಯದು. ಬಾಡಿಗೆಗಿರುವ ಮಾನಮ್ಮ ಮಾತ್ರ ಬುದ್ಧಿವಂತೆ. "ಆಯ್ತ್ರಿ ಅಮ್ಮಾರ" ಎಂದು ಇಸ್ಕೊಂಡು ಹೋಗಿ ಕಸಕ್ಕೆ ಹಾಕುತ್ತಾಳೆ. ನನಗೆ ಗೊತ್ತಿದೆ, ಹೇಳಿಲ್ಲ.

ಮಾವ ಬೈಲಪ್ಪನವರು ಹಲ್ಲು ಕೀಳಿಸಿಕೊಂಡಾಗ ಡಾಕ್ಟರು ಕೊಟ್ಟ ಆ್ಯಂಟಿಬಯೋಟಿಕ್ ಮುಗಿದರೂ ಊತ ಇಳಿದಿರಲಿಲ್ಲ. ಅವರ ಮಗಳು ಭವ್ಯಳ ಮದುವೆ ಹತ್ತಿರ ಬಂದಿತ್ತು. ಧಾರೆ ಎರೆಯುವ ಅಪ್ಪನ ಕೆನ್ನೆ ಊದಿರಬಾರದೆಂದು ಅತ್ತೆ ಡಬ್ಬಿಯಿಂದ ಇನ್ನೊಂದು ಬಗೆಯ ಆ್ಯಂಟಿಬಯೋಟಿಕ್ ತೆಗೆದು ನುಂಗಿಸಿದರು. ಕೆನ್ನೆ ಇಳಿಯಿತು, ಹೊಟ್ಟೆ ಕೆಟ್ಟಿತು.

ಅಂತಿಂಥ ಭೇದಿಯಲ್ಲ. ಪೇಪರ್ ಓದುವುದು, ಬಾಡಿಗೆಯವರ ಜೊತೆ ನೀರಿನ ಜಗಳ ಆಡುವುದು, ಎಲ್ಲವೂ ಕಕ್ಕಸಿನ ಒಳಗಿನಿಂದಲೇ ನಡೆಯತೊಡಗಿತು. ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಆಮೇಲೆ ಅವರು ಗೋಡೆ ಹಿಡಿದು ನಡೆಯುವುದನ್ನು ಕಂಡಾಗ ನನಗೆ ಹೆದರಿಕೆಯಾಯಿತು. ಅತ್ತೆ ಮತ್ತೆ ಡಬ್ಬಿಗೆ ಕೈ ಹಾಕುವ ಮೊದಲೇ ಮಾವನನ್ನು ಆಟೋ ಹತ್ತಿಸಿದೆ.

ಇಂದಿರಾನಗರದ ಡಾಕ್ಟರ್ ಕಾವೇರಿ ಮಲ ಪರೀಕ್ಷೆಯ ರಿಪೋರ್ಟ್ ನೋಡಿ ಕೇಳಿದರು, "ನಿಮ್ಗೆ ಸೈಟು ಗೀಟು ಇದ್ಯಾ?"

"ಇದೆ," ಎಂದರು ಮಾವ, ಎದೆ ಸ್ವಲ್ಪ ಎತ್ತಿ.

"ಹೊಟ್ಟೇನೂ ಹಂಗೇ. ಒಳ್ಳೆ ಬ್ಯಾಕ್ಟೀರಿಯಾ ಅಲ್ಲಿ ಬಾಡಿಗೆಗಿರ್ತವೆ. ಮಾತ್ರೆ ಮೇಲೆ ಮಾತ್ರೆ ನುಂಗಿ ಅವನ್ನ ಖಾಲಿ ಮಾಡ್ಸಿದೀರ. ಖಾಲಿ ಜಾಗ ನೋಡಿ ಕೆಟ್ಟದೊಂದು ಬಂದು ಶೆಡ್ ಹಾಕ್ಕೊಂಡಿದೆ."

ಒತ್ತುವರಿ ಎಂದರೆ ಮಾವನಿಗೆ ಮೈಯೆಲ್ಲ ಉರಿ. "ಹೊರಗಾಕ್ಸಿ ಡಾಕ್ಟ್ರೇ. ನನ್ ಮಗಳಿಗೆ ನಾನೇ ಧಾರೆ ಎರೀಬೇಕು."

ಭವ್ಯ ವರ್ಷಗಟ್ಟಲೆ ಮದುವೆ ಬೇಡವೆಂದವಳು. ನೆಂಟರಿಷ್ಟರು ಆಡಿಕೊಂಡಾಗಲೂ ಮಾವ ಅವಳನ್ನು ಒತ್ತಾಯಿಸಿರಲಿಲ್ಲ. ಈಗ ಅವಳೇ ಮೆಚ್ಚಿ ಹೂಂ ಅಂದಿದ್ದಳು.

"ಇದು ಈ ಕ್ರಿಮಿಗೆ ಅಂತಾನೇ ಇರೋ ಮಾತ್ರೆ," ಎಂದರು ಡಾಕ್ಟರ್. "ಭೇದಿ ನಿಂತ್ರೂ ನಿಲ್ಲಿಸ್ಬೇಡಿ. ಪೂರ್ತಿ ಮುಗಿಸ್ಬೇಕು. ಕೈನ ಸೋಪಲ್ಲೇ ತೊಳೀರಿ."

ಭೇದಿ ನಿಂತಿತು. ಮಾವ ಮುದ್ದೆ ಉಂಡರು, ಚಪ್ಪರದ ದಿನ ಗತ್ತಿನಿಂದ ಓಡಾಡಿದರು. ನಾನು ಮದುವೆ ಕೆಲಸದಲ್ಲಿ ಮುಳುಗಿದ್ದೆ, ಮಾತ್ರೆ ಕೊಡುವುದು ಅತ್ತೆಯ ಪಾಲಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಭೇದಿ ನಿಂತ ದಿನವೇ ಅವರು ಉಳಿದ ಮಾತ್ರೆಯನ್ನು ಡಬ್ಬಿಗೆ ಸೇರಿಸಿದ್ದರು.

ಮುಹೂರ್ತದ ಬೆಳಿಗ್ಗೆ ಹಲಸೂರಿನ ಛತ್ರದಲ್ಲಿ ಮಾವ ಕಾಣಲಿಲ್ಲ. ಹುಡುಕಿದರೆ, ಕಕ್ಕಸಿನ ಬಾಗಿಲಲ್ಲಿ ಅತ್ತೆ ರೇಷ್ಮೆ ಸೀರೆಯುಟ್ಟು, ಕೈಯಲ್ಲೊಂದು ಮಡಿ ಪಂಚೆ ಹಿಡಿದು ಅಳುತ್ತಾ ನಿಂತಿದ್ದರು.

"ದುಬಾರಿ ಮಾತ್ರೆ ಕಣಮ್ಮ. ಯಾರಿಗಾದ್ರೂ ಆಗುತ್ತೆ ಅಂತ ಎತ್ತಿಟ್ಬಿಟ್ಟೆ."

ಬೈಯಲು ಬಾಯಿ ತೆರೆದವಳು ಆ ಮುಖ ನೋಡಿ ಅದನ್ನು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಮತ್ತೆ ಶುರು ಮಾಡಿ, ಮದುವೆ ಮುಗಿದ ತಕ್ಷಣ ಕರೆತನ್ನಿ ಎಂದರು.

ಒಳಗಿನಿಂದ ಮಾವ ಹೇಳಿದರು, "ಸುಕನ್ಯಾ, ಮುನಿರಾಜನ್ ಕೈಲಿ ಎರೆಸ್ಬಿಡಮ್ಮ. ನನ್ ಕೈಲಾಗಲ್ಲ." ಅವರು ಅಳುತ್ತಿರುವುದು ಹೊರಗೂ ತಿಳಿಯುತ್ತಿತ್ತು.

ಮಂಟಪದಲ್ಲಿ ನನ್ನ ಗಂಡ ಮುನಿರಾಜ್ ಚೆಂಬು ಎತ್ತಿದ. ಭವ್ಯ ಕೈ ಹಿಂದೆಳೆದುಕೊಂಡಳು.

"ನೀನ್ ಪಕ್ಕಕ್ಕಿರಣ್ಣ. ಇಷ್ಟ್ ವರ್ಷ ನನಗೋಸ್ಕರ ಕಾದಿದ್ದು ಅಪ್ಪ. ಇವತ್ತು ನಾನ್ ಕಾಯ್ತೀನಿ."

"ಮುಹೂರ್ತ ಮೀರುತ್ತಮ್ಮ," ಎಂದರು ಪುರೋಹಿತರು.

"ಮೀರ್ಲಿ."

ಮದುಮಗ ಲಕ್ಷ್ಮಿಕಾಂತನೂ ಕೈ ಕಟ್ಟಿ ಕುಳಿತುಬಿಟ್ಟ.

ಓಡಿ ಹೋಗಿ ಬಾಗಿಲ ಹೊರಗಿನಿಂದಲೇ ಎಲ್ಲ ಹೇಳಿದೆ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಕೈಗೆ ಚೆನ್ನಾಗಿ ಸೋಪು ತಿಕ್ಕಿ, ಮಡಿ ಪಂಚೆಯುಟ್ಟು, ಮಾವ ಅತ್ತೆಯ ಭುಜ ಹಿಡಿದು ಮಂಟಪ ಹತ್ತಿದರು.

ಇಬ್ಬರೂ ಚೆಂಬು ಹಿಡಿದರು. ಎಳೆಎಳೆಯಾಗಿ ಇಳಿಯಬೇಕಾದ ಹಾಲುನೀರನ್ನು ಮಾವ ಒಂದೇ ಸಲ ಬಗ್ಗಿಸಿಬಿಟ್ಟರು. "ಸಾರ್, ಇನ್ನೊಂದ್ಸಲ, ನಿಧಾನಕ್ಕೆ," ಎಂದು ವೀಡಿಯೋದವನು ಹೇಳುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಓಡಿಯಾಗಿತ್ತು. ಮೊಣಕೈವರೆಗೂ ತೊಯ್ದಿದ್ದ ಭವ್ಯ ನಗುತ್ತಾ ಅಳುತ್ತಾ, ಅಪ್ಪ ಓಡಿದ ದಿಕ್ಕಿಗೆ ಕೈ ಮುಗಿದಳು.