ಬೆವರುವ ಗಾಜು

ಮಲೇಷ್ಯಾದ ಜೊಹೋರಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜುನೈದಾ ಕುಲುಮೆಯ ಮುಂದೆ ನಿಂತಿದ್ದಾಗ ಚಿಕ್ಕಮ್ಮ ಮಾಕ್ ಸು ಫೋನ್ ಮಾಡಿದಳು.

"ಏನೇ, ಹಬ್ಬಕ್ಕೆ ಅಂತ ನೀನು ಕೊಟ್ಟ ಗುಲಾಬಿ ಬಣ್ಣದ ಬ್ರೋಚು ಪಿನ್ನು ಬೆವರ್ತಾ ಇದೆ! ತಲೆವಸ್ತ್ರಕ್ಕೆ ಅಂಟ್ಕೊಂಡು ಬಿಡ್ತಾನೇ ಇಲ್ಲ. ಬೀಗರ ಮುಂದೆ ಮಾನ ಹೋಯ್ತು. ತಾಳೆಬೆಲ್ಲದ ಉಂಡೆ ಕೊಟ್ಟಿದ್ರೆ ತಿಂದಾದ್ರೂ ಹಾಕ್ತಿದ್ದೆ."

ಜುನೈದಾಳಿಗೆ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಅನಿಸಿತು. ಆ ಬ್ರೋಚು ಅವಳೇ ಎರೆದ ಫಾಸ್ಫೇಟ್ ಗಾಜಿನದು. ಫಾಸ್ಫೇಟು, ಸೋಡಿಯಂ, ಬಣ್ಣಕ್ಕೆ ಚಿಟಿಕೆ ಎರ್ಬಿಯಂ, ಅಷ್ಟೇ. ಎರೆದ ದಿನ ಕಣ್ಣು ಕುಕ್ಕುವಷ್ಟು ತಿಳಿ. ಆಮೇಲೆ ಈ ಊರಿನ ಗಾಳಿಯ ತೇವವನ್ನೆಲ್ಲ ಹೀರಿ ಮಬ್ಬಾಗಿ ಅಂಟಂಟಾಗುವುದು. ಕಪಾಟಿನಲ್ಲಿದ್ದ ತುಂಡುಗಳದೂ ಅದೇ ಗತಿ. ಮಾರ್ಗದರ್ಶಿ ಡಾಕ್ಟರ್ ಹಲಿಜಾಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಅವರದು ಒಂದೇ ಹಟ: "ಬೇರೇನೂ ಬೆರೆಸ್ಬೇಡ. ಬೆಳಕು ಹಾಯೋದು ಕಮ್ಮಿಯಾಗತ್ತೆ."

ಈ ಸಲ ಅವಳು ಕೇಳದೆಯೇ ಬೆರೆಸಿದಳು. ಮೊದಲು ಕಬ್ಬಿಣದ ಆಕ್ಸೈಡು. ಗಾಜು ತೇವಕ್ಕೆ ಜಗ್ಗಲಿಲ್ಲ, ಬಣ್ಣ ಮಾತ್ರ ಕಡುಗಂದಾಯಿತು.

"ಹಾಲಿಲ್ದ ಟೀ ಸಖತ್ತಾಗಿ ಬಂದಿದೆ. ಸಕ್ಕರೆ ಹಾಕಿದ್ಯಾ?" ಎಂದ ಸಹಪಾಠಿ ಕುಗನ್.

ಆಮೇಲೆ ಅಲ್ಯೂಮಿನಿಯಂ ಆಕ್ಸೈಡು. ಅದು ಜಾಸ್ತಿಯಾಗಿ, ಎಷ್ಟು ಕಾಯಿಸಿದರೂ ಪೂರ್ತಿ ಕರಗದೆ ಮೂಸೆಯ ತಳದಲ್ಲಿ ಗಂಜಿಯಂತೆ ಕೂತಿತು.

"ಉಪ್ಪಿನಕಾಯಿ ತರ್ಲಾ?"

"ಬಾಯಿ ಮುಚ್ಕೊಂಡು ಮೂಸೆ ಕೆರಿ, ಹೋಗೋ!" ಎಂದು ಜುನೈದಾ ರೇಗಿದಳು.

ಕೊನೆಗೆ ಅಲ್ಯೂಮಿನಿಯಂ ಇಳಿಸಿ, ಜೊತೆಗೆ ಸತುವಿನ ಆಕ್ಸೈಡು ಸೇರಿಸಿದಳು. ಗಾಜು ಸಲೀಸಾಗಿ ಹರಿಯಿತು, ಗುಲಾಬಿಯಾಗಿಯೇ ಉಳಿಯಿತು. ಹಳೆಯದೊಂದು ತುಂಡು, ಹೊಸದೊಂದು ತುಂಡು, ಎರಡನ್ನೂ ಬೇರೆ ಬೇರೆ ಲೋಟದ ನೀರಿಗೆ ಹಾಕಿ, ಹಲಿಜಾರ ಮೇಜಿನ ಮೇಲೆ ಇಟ್ಟು ಬಂದಳು.

ವಾರ ಕಳೆದ ಮೇಲೆ ಹಲಿಜಾರಿಂದ ಕರೆ ಬಂತು. ಹಳೆಯ ತುಂಡು ಯಾರೋ ಚೀಪಿ ಉಗಿದ ಪೆಪ್ಪರಮಿಂಟಿನಂತೆ ಸವೆದಿತ್ತು. ಹೊಸದರ ಅಂಚು ಕೂಡ ಮುಕ್ಕಾಗಿರಲಿಲ್ಲ. ಹಲಿಜಾ ಅದನ್ನು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಸರಿಯಮ್ಮ, ನೀನೇ ಗೆದ್ದೆ. ಇನ್ಮೇಲೆ ಇದೇ ಪಾಕ."

ಜುನೈದಾಳ ಎದೆ ಹಗುರವಾಯಿತು. ಇನ್ನೇನು ಬಾಗಿಲು ದಾಟಬೇಕು, ಹಿಂದಿನಿಂದ ದನಿ ಬಂತು:

"ಆದ್ರೂ ಇನ್ನೊಂಚೂರು ತಿಳಿಯಾಗಿ ಬರಲ್ವೇನೇ?"

ಅವಳು ಹಲ್ಲು ಕಚ್ಚಿಕೊಂಡಳು. "ನೋಡ್ತೀನಿ, ಡಾಕ್ಟರ್," ಎಂದು, ಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿಯೇ ಎಳೆದುಕೊಂಡು, ಕ್ಯಾಂಟೀನಿನ ಕಡೆ ನಡೆದಳು.